ಪಾಳು ಗದ್ದೆಗೆ ಮತ್ತೆ ನೀರು ತಿರುಗಿಸಿದ ಲೆಕ್ಕ: ನನ್ನ ಅನುಭವ

ಹೋದ ಹುತ್ತರಿಗೆ, ಅಂದರೆ ಕೊಡಗಿನ ಸುಗ್ಗಿ ಹಬ್ಬಕ್ಕೆ, ಕದಿರು (ಹೊಸ ಭತ್ತದ ತೆನೆ) ಕೊಯ್ದದ್ದು ನಮ್ಮದೇ ಗದ್ದೆಯಲ್ಲಿ. ಅದಕ್ಕೂ ಮುಂಚೆ 14 ಹುತ್ತರಿ ಬೇರೆಯವರ ಗದ್ದೆಯಿಂದ ಕೇಳಿ ತಂದ ಕದಿರೇ ಐನ್‌ಮನೆಯ (ಕುಟುಂಬದ ಮೂಲಮನೆಯ) ನೆಲ್ಲಕ್ಕಿ ನಡುಬಾಡೆಗೆ, ದೀಪ ಇಡುವ ನಡುಮನೆಗೆ, ಬರುತ್ತಿತ್ತು. ಪೊಲಿ ಪೊಲಿ ದೇವಾ ಅಂತ ಕೂಗುವ ಬಾಯಿ ನಮ್ಮದು, ಪೊಲಿ (ಸಮೃದ್ಧಿ) ಮಾತ್ರ ಇನ್ನೊಬ್ಬರ ಗದ್ದೆಯದು. ಅದು ಈಗ ನಿಂತಿದೆ. ಹೇಗೆ ನಿಂತಿತು, ಎಷ್ಟು ದುಡ್ಡು ಹೋಯಿತು, ಎಲ್ಲೆಲ್ಲಿ ಕೈ ಸುಟ್ಟಿತು ಅಂತ ಬರೆದಿಡುತ್ತಿದ್ದೇನೆ. ಓದುವವರು ಗದ್ದೆ ಮಾಡಿದವರೇ ಆಗಿರುತ್ತೀರಿ, ಆದ್ದರಿಂದ ನಾಟಿ ಹೇಗೆ, ಕಳೆ ಹೇಗೆ ಅನ್ನುವ ಪಾಠ ಇಲ್ಲಿ ಇಲ್ಲ. ಅಂಕಿಗಳು ನೆನಪಿನವು, ನೂರಿನ್ನೂರು ಆಚೀಚೆ ಇರಬಹುದು.

ಜಾಗ ಹುದಿಕೇರಿಯ ಆಚೆ, ಬ್ರಹ್ಮಗಿರಿ ಬೆಟ್ಟದ ಕಡೆಯ ಒಂದು ಕೊಲ್ಲಿ (ಗುಡ್ಡಗಳ ನಡುವಿನ ತಗ್ಗು). ಗದ್ದೆ ಹಳೆ ಅಳತೆಯಲ್ಲಿ 50 ಭಟ್ಟಿ, ಈಗಿನ ಲೆಕ್ಕದಲ್ಲಿ ಒಂದೂವರೆ ಎಕರೆ ಅನ್ನಿ. ಒಳ್ಳೆ ವರ್ಷ 110-120 ಇಂಚು ಮಳೆ ಬೀಳುವ ಕಡೆ. 2011ರಿಂದ 12 ವರ್ಷ ನಾಟಿ ಆಗಿರಲಿಲ್ಲ. ಮತ್ತೆ ಗದ್ದೆ ಮಾಡುತ್ತೇನೆ ಅಂದಾಗ ಬೇಡ ಅಂದವರು ಒಬ್ಬಿಬ್ಬರಲ್ಲ. ರೊಬಸ್ಟಾ ಕಾಫಿಗೆ ಈ ಬೆಲೆ ಇರುವಾಗ ಕೆಸರಿಗೆ ದುಡ್ಡು ಹಾಕುವುದು ಯಾಕೆ ಅಂದರು. ಅಡಿಕೆ ಇಡು ಅಂದರು, ಶುಂಠಿಗೆ ಗುತ್ತಿಗೆ ಕೊಡು ಅಂದರು, ಕೆರೆ ತೆಗೆಸಿ ಹೋಂಸ್ಟೇ ಮಾಡು ಅಂದರು. ತೋಟ ಇದೆಯಲ್ಲ, ಊರಿನವನು ಅನ್ನಿಸಿಕೊಳ್ಳಲು ಅಷ್ಟು ಸಾಲದೇ ಅಂತಲೂ ಕೇಳಿದರು.

ಸಾಲದು. ಕೊಡಗಿನಲ್ಲಿ ಬಾಣೆ, ಅಂದರೆ ಗದ್ದೆಯ ಮೇಲಿನ ಗುಡ್ಡದ ಜಾಗ, ಬಂದದ್ದೇ ಗದ್ದೆಗಾಗಿ. ಗದ್ದೆಗೆ ಸೊಪ್ಪು, ದನಕ್ಕೆ ಮೇವು, ಒಲೆಗೆ ಸೌದೆ ಇರಲಿ ಅಂತ ಗದ್ದೆಯ ವರ್ಗಕ್ಕೆ (ಹಿಡುವಳಿಗೆ) ಅಂಟಿಸಿ ಕೊಟ್ಟ ಜಾಗ ಅದು. ಕಾಫಿ ಆಮೇಲೆ ಬಂತು. ಐನ್‌ಮನೆ ಕಟ್ಟಿದವರು ಅಂಗಳದಿಂದ ಗದ್ದೆ ಕಾಣುವ ಹಾಗೆ ಕಟ್ಟಿದರು. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುವುದು ನಾಟಿ ಮುಗಿದ ಮೇಲೆ, ಹುತ್ತರಿ ಬರುವುದು ತೆನೆ ಬಾಗಿದಾಗ. ಗದ್ದೆಯನ್ನು ಪಾಳು ಬಿಟ್ಟರೆ ಈ ಹಬ್ಬಗಳೆಲ್ಲ ಕ್ಯಾಲೆಂಡರಿನ ಕೆಂಪು ಅಕ್ಷರವಾಗಿ ಉಳಿಯುತ್ತವೆ. ನನ್ನ ಮಟ್ಟಿಗೆ ಈ ಊರಿನ ನೆಲಕ್ಕೆ ಸೇರುವ ದಾರಿ ಗದ್ದೆಯ ತೂಬಿನಿಂದಲೇ ಶುರು.

ಮೊದಲು ಕೂತದ್ದು ಕಾಗದದ ಮುಂದೆ. ಪಹಣಿ, ಗ್ರಾಮ ನಕ್ಷೆ, ಫೋನಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್. ಸರ್ವೆ ನಂಬರಿನ ಗಡಿ ಎಲ್ಲಿ ಅಂತ ದಿಶಾಂಕ್ ತೋರಿಸುತ್ತೆ, ನಮ್ಮ ಕೊಲ್ಲಿಯಲ್ಲಿ ಕೆಲವು ಮೀಟರ್ ಆಚೀಚೆ. ಆದರೆ ಗಡಿಯ ಒಳಗಿನ ಮಡಿಗಳು, ಅಂದರೆ ಬದು ಕಟ್ಟಿದ ತುಂಡು ಗದ್ದೆಗಳು, ಅದರಲ್ಲಿ ಇಲ್ಲ. 12 ವರ್ಷದ ಪೊದೆಯ ಅಡಿಯಲ್ಲಿ ಬದು ಯಾವುದು, ನೀರಿನ ದಾರಿ ಯಾವುದು ಅಂತ ಕಣ್ಣಿಗೂ ಕಾಣುವುದಿಲ್ಲ. ಇದನ್ನು ಹೇಳಬಲ್ಲವರು ಊರಲ್ಲಿ ಇಬ್ಬರೇ ಉಳಿದಿದ್ದರು. ಒಬ್ಬರು ನೀರು ತಿರುಗಿಸುತ್ತಿದ್ದ ಹಿರಿಯರು, ಇನ್ನೊಬ್ಬರು ಈ ಗದ್ದೆಯಲ್ಲಿ ವರ್ಷಾನುಗಟ್ಟಲೆ ನಾಟಿ ಹಾಕಿದ ಹೆಂಗಸು. ಇಬ್ಬರನ್ನೂ ಬೇರೆ ಬೇರೆ ದಿನ ಕರೆದುಕೊಂಡು ಹೋಗಿ, ಅವರು ನಿಂತಲ್ಲೆಲ್ಲ ಬಿದಿರಿನ ಗೂಟ ಹೊಡೆದು, ಹೆಸರು ಬರೆದುಕೊಂಡೆ. ಒಟ್ಟು 11 ಮಡಿ. ತಲೆಮಡಿ, ಒರತೆಮಡಿ, ಹಲಸಿನಡಿ, ಬೀಜಮಡಿ, ದೊಡ್ಡಮಡಿ, ಎಮ್ಮೆಗುಂಡಿ, ಕೇದಗೆಬದಿ, ಹೀಗೆ. ಇಬ್ಬರ ಹೆಸರುಗಳೂ ಒಂದೆರಡು ಬಿಟ್ಟರೆ ತಾಳೆಯಾದವು.

ಹೆಸರು ಬರೆದುಕೊಂಡೆ ಹೊರತು ಅದರ ಮಾತು ಕೇಳಲಿಲ್ಲ. ಮೊದಲ ಎರಡು ವರ್ಷದ ನಷ್ಟವೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಎಮ್ಮೆಗುಂಡಿ ಅಂದರೆ ಎಮ್ಮೆ ಮುಳುಗಿ ಕೂರುತ್ತಿದ್ದ ಜಾಗ, ಅಲ್ಲಿ ಗಟ್ಟಿ ಅಡಿ ಇಲ್ಲ ಅಂತಲೇ ಅರ್ಥ. ಒರತೆಮಡಿ ಅಂದರೆ ಬಾಣೆಯ ಬುಡದಿಂದ ವರ್ಷವಿಡೀ ತಣ್ಣೀರು ಜಿನುಗುವ ಮಡಿ. ಬೀಜಮಡಿಗೆ ಬೆಳಗಿನ ಬಿಸಿಲು ಎಲ್ಲಕ್ಕಿಂತ ಮೊದಲು ಬೀಳುತ್ತೆ, ಅಗೆ (ನಾಟಿಯ ಸಸಿ) ಎರಡು ಮೂರು ದಿನ ಬೇಗ ಏಳುತ್ತೆ. ಮಣ್ಣು ಪರೀಕ್ಷೆಯ ಚೀಟಿಗಿಂತ ಹೆಚ್ಚು ವಿಷಯ ಈ 11 ಹೆಸರಲ್ಲಿ ಇತ್ತು.

2023ರಲ್ಲಿ ಜೆಸಿಬಿ ಇಳಿಸಿದೆ. ಲಂಟಾನ, ಕಮ್ಯುನಿಸ್ಟ್ ಗಿಡ, ಜೊಂಡು, ತೋಡಿನ (ಹಳ್ಳದ) ಅಂಚಿಗೆ ಕೇದಗೆ, ಇಷ್ಟನ್ನು ಕೈಯಲ್ಲಿ ಕಡಿಸಿದರೆ ತಿಂಗಳಾಗುತ್ತೆ ಅನ್ನುವ ಲೆಕ್ಕ. 14 ಗಂಟೆ, ಗಂಟೆಗೆ 1,200, ಸುಮಾರು 17,000 ರೂಪಾಯಿ. ಮೂರು ತಪ್ಪು ಒಟ್ಟಿಗೇ ಆದವು. ಒಂದು, ಎಮ್ಮೆಗುಂಡಿಯಲ್ಲಿ ಮೆಷಿನ್ ಹೊಟ್ಟೆಯವರೆಗೆ ಹೂತುಹೋಯಿತು. ಎಳೆಯಲು ಹಿಟಾಚಿ ತರಿಸಿದ್ದಕ್ಕೆ ಇನ್ನೊಂದು 9,000. ಎರಡು, ಟಿಲ್ಲರ್ ತಿರುಗಲು ಸುಲಭವಾಗಲಿ ಅಂತ ಎರಡು ಸಣ್ಣ ಮಡಿ ಒಡೆದು ಒಂದು ಮಾಡಿಸಿದೆ. ಮೇಲಿನ ಮಡಿಯ ಕಪ್ಪು ಮಣ್ಣೆಲ್ಲ ಕೆಳಗಿನದಕ್ಕೆ ಹೋಯಿತು, ಮೇಲೆ ಹಳದಿ ಜೇಡಿ ಬೆತ್ತಲೆಯಾಯಿತು. ಆ ಜಾಗದಲ್ಲಿ ಇವತ್ತಿಗೂ ಪೈರು ಒಂದು ಗೇಣು ಗಿಡ್ಡ. ಮಟ್ಟ ಮಾಡಿಸಲೇಬೇಕಾದರೆ ಮೊದಲು ಮೇಲ್ಮಣ್ಣನ್ನು ಅರ್ಧ ಅಡಿ ಕೆರೆದು ಒಂದು ಬದಿಗೆ ರಾಶಿ ಹಾಕಿಸಿ, ಅಡಿಮಣ್ಣು ಮಟ್ಟ ಮಾಡಿ, ಆಮೇಲೆ ರಾಶಿಯನ್ನು ಹರಡಬೇಕು. ಗಂಟೆ ಉಳಿಸಲು ಹೋಗಿ ವರ್ಷ ಕಳೆದೆ. ಮೂರನೆಯದು ಕೇದಗೆ. ಚೊಕ್ಕಟವಾಗಲಿ ಅಂತ ತೋಡಿನ ಅಂಚಿನ ಕೇದಗೆಯನ್ನೆಲ್ಲ ಬೇರುಸಮೇತ ಕೀಳಿಸಿದೆ. ಜುಲೈ ಮಳೆಗೆ ತೋಡು ಆರು ಅಡಿ ದಡ ತಿಂದಿತು. ಕೇದಗೆಯ ಬೇರು ದಡಕ್ಕೆ ಬಲೆ ಹಾಕಿದ ಹಾಗೆ. ಈಗ ಹಳೆ ಬುಡಗಳನ್ನೇ ತಂದು ಮೂರು ಅಡಿಗೊಂದು ನೆಟ್ಟಿದ್ದೇನೆ, ಎರಡು ಮಳೆಗೆ ಹಿಡಿದುಕೊಂಡಿವೆ.

ಇದೆಲ್ಲ ಮುಗಿಸಿ ಬೀಜ ಹಾಕುವಾಗ ಜುಲೈ 10. ಇಂಟಾನ್ ತಳಿ ಹಾಕಿದ್ದೆ, ಅದು ನಮ್ಮಲ್ಲಿ 155-160 ದಿನ ತೆಗೆದುಕೊಳ್ಳುತ್ತೆ. ಹುತ್ತರಿ ಬಂದಾಗ ತೆನೆ ಇನ್ನೂ ಹಾಲಿನಲ್ಲಿತ್ತು, ಕಾಳು ಗಟ್ಟಿಯಾಗಿರಲಿಲ್ಲ. ನಾಲ್ಕು ಚೀಲ ಭತ್ತ, ಕದಿರು ಬೇರೆಯವರದು.

ಎರಡನೇ ವರ್ಷ ಎಲ್ಲ ಸಮಯಕ್ಕೆ ಸರಿಯಾಗಿ ಮಾಡಿದೆ. ಜೂನ್‌ನಲ್ಲಿ ಬೀಜ, ಜುಲೈಯಲ್ಲಿ ನಾಟಿ. ಹಳೆ ಕಾಲದವರ ಹಾಗೆ ಬಾಣೆಯಿಂದ ಸೊಪ್ಪು ಕಡಿಸಿ ತುಂಬ ತುಳಿಸಿದೆ, ಎಕರೆಗೆ ಎರಡು ಟ್ರ್ಯಾಕ್ಟರ್ ಲೋಡಿಗೆ ಕಡಿಮೆ ಇಲ್ಲ. ನಾಟಿಯಾಗಿ 30 ದಿನದವರೆಗೆ ಪೈರು ನೋಡಿದವರೆಲ್ಲ ಮೆಚ್ಚಿದರು. 40ನೇ ದಿನದ ಹೊತ್ತಿಗೆ ಕೆಳಗಿನ ಎಲೆಗಳಲ್ಲಿ ತುದಿಯಿಂದ ಕಂದು ಚುಕ್ಕೆ, ಆಮೇಲೆ ಎಲೆಯೇ ಕಿತ್ತಳೆ ಬಣ್ಣ. ಬೆಂಕಿ ರೋಗ ಅಂತ ಅದರ ಔಷಧಿ ಟ್ರೈಸೈಕ್ಲಜೋಲ್ ಹೊಡೆದೆ, ಲೀಟರಿಗೆ 0.6 ಗ್ರಾಂ, ಎರಡು ಸಲ. ಒಂದು ಎಲೆಯೂ ಸುಧಾರಿಸಲಿಲ್ಲ. ಬೆಂಕಿ ರೋಗವಾಗಿದ್ದರೆ ಕಣ್ಣಿನ ಆಕಾರದ ಚುಕ್ಕೆ, ನಡುವೆ ಬೂದು ಬಣ್ಣ ಇರಬೇಕಿತ್ತು. ಇಲ್ಲಿ ಅದು ಇರಲಿಲ್ಲ, ಅವಸರದಲ್ಲಿ ನೋಡಲಿಲ್ಲ. ಒಂದು ಬುಡ ಕಿತ್ತು ನೋಡಿದಾಗ ಬೇರು ಬಿಳಿ ಇರಲಿಲ್ಲ, ತುಕ್ಕು ಹಿಡಿದ ತಂತಿಯ ಹಾಗಿತ್ತು.

ಕಬ್ಬಿಣದ ಕಾಟ ಇದು. ನಮ್ಮ ಕೊಲ್ಲಿಗಳಲ್ಲಿ ಮಣ್ಣು ಹುಳಿ, ಬಾಣೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣ ಧಾರಾಳ. ಅದು ಒರತೆ ನೀರಿನಲ್ಲಿ ಕರಗಿ ಗದ್ದೆಗೆ ಇಳಿಯುತ್ತೆ. ನೀರು ಕದಲದೆ ನಿಂತು, ಮಣ್ಣಿಗೆ ಗಾಳಿ ಸಿಗದಿದ್ದರೆ ಕರಗಿದ ಕಬ್ಬಿಣ ಹಾಗೇ ಉಳಿದು ಬೇರಿಗೆ ಹತ್ತುತ್ತೆ. ಹಸಿ ಸೊಪ್ಪು ತುಂಬ ಹಾಕಿದರೆ ಅದು ಕೊಳೆಯುವಾಗ ಇದ್ದಬದ್ದ ಗಾಳಿಯನ್ನೂ ತಿಂದುಹಾಕುತ್ತೆ. ಅಂದರೆ ಒಳ್ಳೆಯದು ಅಂತ ಹಾಕಿದ ಸೊಪ್ಪೇ ವಿಷ ಏರಿಸಿತು. ಹಿರಿಯರು ಸೊಪ್ಪು ಹಾಕುತ್ತಿದ್ದದ್ದು ನಿಜ, ಆದರೆ ಅವರ ಗದ್ದೆಗೆ ಬಸಿಗಾಲುವೆ ಇತ್ತು. ನನ್ನದು 12 ವರ್ಷದಲ್ಲಿ ಮುಚ್ಚಿಹೋಗಿತ್ತು, ಅಲ್ಲಿ ಒಂದು ಕಾಲುವೆ ಇತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಇದನ್ನು ಗುರುತಿಸುವುದು ಸುಲಭ. ಗದ್ದೆಯ ಮೂಲೆಯಲ್ಲಿ ನೀರಿನ ಮೇಲೆ ಎಣ್ಣೆಯ ಹಾಗೆ ಬಣ್ಣಬಣ್ಣದ ಕೆನೆ ಕಂಡರೆ ಕಡ್ಡಿಯಿಂದ ಮುಟ್ಟಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತೆ. ಕಬ್ಬಿಣದ ಕೆನೆಯಾದರೆ ಒಡೆದ ಗಾಜಿನ ಹಾಗೆ ಚೂರು ಚೂರಾಗಿ ಹಾಗೇ ನಿಲ್ಲುತ್ತೆ. ಆ ವರ್ಷ ಒಂಬತ್ತು ಚೀಲ. ಕದಿರು ಕೊಯ್ಯಲು ಗದ್ದೆಗೆ ಇಳಿದರೆ ತೆನೆಯಲ್ಲಿ ಅರ್ಧ ಜೊಳ್ಳು. ಇದನ್ನು ಮನೆಗೆ ತರುವುದು ಬೇಡ ಅಂದರು ಹಿರಿಯರು, ಸರಿಯಾಗಿಯೇ ಹೇಳಿದರು.

2025ರ ಫೆಬ್ರವರಿ-ಮಾರ್ಚ್ ಪೂರ್ತಿ ಬಾಣೆಯ ಬುಡದ ಕಾಲುವೆಗೆ ಹೋಯಿತು. ನನ್ನ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದು ಒಂದಿದ್ದರೆ ಇದೇ, ಇಡೀ ಕೊಲ್ಲಿಯಲ್ಲಿ ಈಗ ಹೀಗೆ ಕೆಲಸ ಮಾಡುವ ಬುಡಗಾಲುವೆ ಇನ್ನೊಂದಿಲ್ಲ. ಬಾಣೆಯ ಇಳಿಜಾರು ಮುಗಿದು ಗದ್ದೆ ಶುರುವಾಗುವ ಗೆರೆಯಲ್ಲೇ ಕಾಲುವೆ ಬರಬೇಕು, ನಾಲ್ಕು ಅಡಿ ಗದ್ದೆಯ ಒಳಗೆ ತೋಡಿದರೂ ಪ್ರಯೋಜನವಿಲ್ಲ. ಗೆರೆ ಹಿಡಿಯಲು ಮಾರ್ಚ್‌ನಷ್ಟು ಒಳ್ಳೆ ಕಾಲ ಇಲ್ಲ. ಎಲ್ಲ ಕಡೆ ಬಿರುಕು ಬಿಟ್ಟಿರುವಾಗ ಒರತೆಯ ಜಾಗ ಮಾತ್ರ ಒದ್ದೆ ಇರುತ್ತೆ, ಬೆಳಗ್ಗೆ ಹೋಗಿ ಆ ಒದ್ದೆಗೆಲ್ಲ ಗೂಟ ಹೊಡೆಯಿರಿ. ಗೂಟಗಳನ್ನು ಕೂಡಿಸಿದರೆ ಅದೇ ಕಾಲುವೆಯ ದಾರಿ. ನಮ್ಮದು ಸುಮಾರು 420 ಅಡಿ ಉದ್ದ, ಮೇಲೆ ಒಂದೂವರೆ ಅಡಿ ಅಗಲ. ಆಳಕ್ಕೆ ಅಳತೆ ಹೇಳಲು ಬರುವುದಿಲ್ಲ, ಬಿಳಿ ಜೇಡಿ ಸಿಗುವವರೆಗೆ ತೋಡಬೇಕು. ನೀರು ಜಿನುಗುವುದು ಆ ಜೇಡಿಯ ಬೆನ್ನ ಮೇಲೆ. ಅದಕ್ಕಿಂತ ಮೇಲೆ ನಿಂತರೆ ನೀರು ಕಾಲುವೆಯ ಅಡಿಯಿಂದ ನುಸುಳಿ ಮತ್ತೆ ಗದ್ದೆಗೇ ಬರುತ್ತೆ. ನಮ್ಮಲ್ಲಿ ಕೆಲವು ಕಡೆ ಎರಡು ಅಡಿಗೆ ಸಿಕ್ಕಿತು, ಹಲಸಿನಡಿಯ ಹತ್ತಿರ ಮೂರೂವರೆ.

ಇಳಿಜಾರು ನೋಡಿದ್ದು ಪಾರದರ್ಶಕ ಪೈಪಿನ ನೀರುಮಟ್ಟದಿಂದ, 50 ಅಡಿಗೆ ಮೂರು ಇಂಚಿನ ಹಾಗೆ. ಹೆಚ್ಚು ಕೊಟ್ಟರೆ ಮಳೆಗಾಲದಲ್ಲಿ ಕಾಲುವೆಯೇ ಕೊರೆದು ಹೋಗುತ್ತೆ. ಗದ್ದೆಯ ಕಡೆಯ ಮಗ್ಗುಲಿಗೆ ಕಾಡುಕಲ್ಲು ಒತ್ತಿಸಿದೆ, ಬಾಣೆಯ ಕಡೆಗೆ ಏನೂ ಹಾಕಬಾರದು, ಅಲ್ಲಿಂದಲೇ ಅಲ್ಲವೇ ಜಿನುಗುವುದು. 22 ಆಳು, ಒಟ್ಟು 13,000 ರೂಪಾಯಿ. ಬಂದ ನೀರನ್ನು ತೋಡಿಗೆ ಬಿಟ್ಟು ದಂಡ ಮಾಡಲು ಮನಸ್ಸಾಗಲಿಲ್ಲ. ಕಾಲುವೆಯ ಕೊನೆಯಲ್ಲಿ ಮೂರು ಕಲ್ಲಿನ ಮೆಟ್ಟಿಲು ಮಾಡಿ ನೀರನ್ನು ಬೀಳಿಸಿ, ಅಗಲವಾದ ಆಳವಿಲ್ಲದ ಗುಂಡಿಯಲ್ಲಿ ನಿಲ್ಲಿಸಿ, ಆಮೇಲೆ ಕೆಳಗಿನ ಮಡಿಗಳಿಗೆ ಕೊಡುತ್ತೇನೆ. ಬೀಳುವಾಗ ಗಾಳಿ ಸೇರಿ ಕಬ್ಬಿಣ ಕೆಂಪು ಕೆಸರಾಗಿ ಕೂರುತ್ತೆ, ಗುಂಡಿಯಲ್ಲಿ ನೀರು ಬಿಸಿಲಿಗೆ ಬೆಚ್ಚಗಾಗುತ್ತೆ. ಇದಕ್ಕೆ ಒರತೆಮಡಿಯಲ್ಲಿ ಮೂರು ಗುಂಟೆ ಬಿಟ್ಟುಕೊಟ್ಟೆ. ತಿಂಗಳಿಗೊಮ್ಮೆ ಕೆಸರು ಬಳಿದು ತೆಗೆಯಬೇಕು. ಮೆಟ್ಟಿಲುಗಳ ನಡುವೆ ಏನು ತುಂಬಿದ್ದೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಗದ್ದೆಗೆ ಬಂದವರಿಗೆ ತೋರಿಸುತ್ತೇನೆ.

ಇದರ ಜೊತೆಗೆ ಮಡಿಯಿಂದ ಮಡಿಗೆ ಹೋಗುವ ತೂಬುಗಳಿಗೆ ನಾಲ್ಕು ಇಂಚಿನ ಪಿವಿಸಿ ತುಂಡು, ತುದಿಗೆ ಎಲ್ಬೋ. ಎಲ್ಬೋಗೆ ಗಮ್ ಹಾಕಬಾರದು. ಬಾಯಿ ಮೇಲೆ ತಿರುಗಿಸಿದರೆ ನೀರು ಏರುತ್ತೆ, ಮಲಗಿಸಿದರೆ ಬಸಿದು ಹೋಗುತ್ತೆ. ಒಂದಕ್ಕೆ 350 ರೂಪಾಯಿ ಬಿತ್ತು. ನಾಟಿಯಾಗಿ 35-40 ದಿನಕ್ಕೆ ಗದ್ದೆ ಬಸಿದು ಐದಾರು ದಿನ ಒಣಗಿಸಬೇಕು, ಕಕ್ಕಡ ತಿಂಗಳ (ಆಷಾಢದ ಹೊತ್ತಿನ) ಮಳೆಯಲ್ಲಿ ಇದು ಆಗುವ ಮಾತಲ್ಲ, ಹೊಳವು (ಮಳೆ ಬಿಡುವು) ಸಿಕ್ಕ ದಿನವೇ ಎಲ್ಲ ಎಲ್ಬೋ ಮಲಗಿಸುವುದು. ಸುಣ್ಣ ಎಕರೆಗೆ ನಾಲ್ಕು ಚೀಲ, ಅರ್ಧ ಮೊದಲ ಉಳುಮೆಗೆ, ಅರ್ಧ 15 ದಿನ ಬಿಟ್ಟು. ಪೊಟ್ಯಾಷ್ ಸ್ವಲ್ಪ ಕೈ ಬಿಟ್ಟು ಹಾಕಿದೆ. ಸೊಪ್ಪು ಹಾಕಿದ್ದು ಬಸಿಯುವ ಮಡಿಗಳಿಗೆ ಮಾತ್ರ, ಅದೂ ನಾಟಿಗೆ ಮೂರು ವಾರ ಮೊದಲು. ಒಟ್ಟಾರೆ ಫಲ ಹೇಳಬೇಕೆಂದರೆ ಕಿತ್ತಳೆ ಎಲೆ ಒರತೆಮಡಿಯ ಒಂದು ಮೂಲೆಯಲ್ಲಿ ಮಾತ್ರ ಉಳಿಯಿತು.

ನೀರು ಸೋರುವ ಮಾತು ಬೇರೆ. ಕೆಳಗಿನ ಮೂರು ಮಡಿ ಪಾಳು ಬೀಳುವ ಮುಂಚೆ ಒಂದು ವರ್ಷ ಶುಂಠಿಗೆ ಹೋಗಿತ್ತು. ಏರುಮಡಿ ಮಾಡಲು ಆಳಕ್ಕೆ ಅಗೆದಾಗ ನೂರು ವರ್ಷದ ಉಳುಮೆಯಿಂದ ಕೂತಿದ್ದ ಗಟ್ಟಿ ಪದರ ಒಡೆದುಹೋಗಿತ್ತು. ಸಂಜೆ ನೀರು ತುಂಬಿ ಗೀಟು ಹಾಕಿದ ಕೋಲು ನೆಟ್ಟರೆ ಬೆಳಗ್ಗೆಗೆ ನಾಲ್ಕು ಇಂಚು ಇಳಿದಿರುತ್ತಿತ್ತು. ಕೆರೆಯ ಹೂಳು 18 ಟ್ರ್ಯಾಲಿ ತಂದು ಹರಡಿ, ಟಿಲ್ಲರ್‌ಗೆ ಕೇಜ್‌ವೀಲ್ (ಕಬ್ಬಿಣದ ಚಕ್ರ) ಹಾಕಿ ನಾಲ್ಕು ಸಲ ಕೆಸರು ಮಾಡಿ, ಪ್ರತಿ ಸಲ ಮಟ್ಟ ಮಾಡುವ ಮರದ ಹಲಗೆ ಎಳೆಸಿದ ಮೇಲೆ ಈಗ ರಾತ್ರಿಗೆ ಒಂದು ಇಂಚು. ಗದ್ದೆಯನ್ನು ಶುಂಠಿಗೆ ಕೊಡುವವರು ಗುತ್ತಿಗೆ ಹಣದಲ್ಲಿ ಈ ಹೂಳಿನ ಬಾಬ್ತು ಮೊದಲೇ ಕಳೆದು ನೋಡಲಿ. ಇನ್ನೊಂದು ಮಗ್ಗುಲಲ್ಲಿ ಪಕ್ಕದವರು ಅಡಿಕೆಗೆ ಐದು ಅಡಿ ಆಳದ ಬಸಿಗಾಲುವೆ ತೆಗೆದಿದ್ದಾರೆ, ನಮ್ಮ ಬದುವಿಗೆ ಅಂಟಿಕೊಂಡೇ. ಅಲ್ಲಿ 60 ಅಡಿ ಉದ್ದಕ್ಕೆ ಬದುವಿನ ಒಳಗೆ ಎರಡು ಅಡಿ ಅಗಲದ ಕಂದಕ ತೋಡಿ, ಕಲಸಿದ ಜೇಡಿಯನ್ನು ಅರ್ಧರ್ಧ ಅಡಿ ತುಂಬಿ ತುಳಿಸಿದೆ. ಎಂಟು ಆಳು, 5,000. ಮಾತಾಡಿ ಸಿಟ್ಟಾಗುವುದಕ್ಕಿಂತ ಜೇಡಿ ತುಳಿಸುವುದು ಅಗ್ಗ.

ಏಡಿಗಳ ಉಪದ್ರವ ನಿಮಗೆಲ್ಲ ಗೊತ್ತು. ಬದುವಿನ ಒಳಮೈ ಕಡಿದು, ಹುಲ್ಲು ಚೂರು ಕಲಸಿದ ಕೆಸರಿನಲ್ಲಿ ಸವರಿದರೆ ಮೂರು ವಾರ ತಡೆಯುತ್ತೆ, ಬರೀ ಕೆಸರು ಸವರಿದರೆ ಒಂದು ವಾರ. ನಾಟಿಗೆ ಮುಂಚೆ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ ಸವರಿಸಿದೆ. ತೂಬಿನ ಪೈಪಿನ ಸುತ್ತಲೇ ಏಡಿ ಮೊದಲು ತೂತು ಹೊಡೆಯುವುದರಿಂದ ಅಲ್ಲಿ ಗೋಣಿ ಸುತ್ತಿ ಮಣ್ಣು ಹಾಕಿದೆ.

ಕೆಲವು ಅಡ್ಡ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಟ್ರೇ ಅಗೆ ಬೆಳೆಸಿ ನಾಟಿ ಮೆಷಿನ್ ತರಿಸಿದ್ದೆ. ಮೂರು ಗಟ್ಟಿ ಮಡಿಯಲ್ಲಿ ಚೆನ್ನಾಗಿ ಓಡಿತು, ನಾಲ್ಕನೆಯದರಲ್ಲಿ ಚಕ್ರ ಹೂತು ಸಾಲೆಲ್ಲ ಕಲಸಿಹೋಯಿತು. ನಮ್ಮಂಥ ಕೊಲ್ಲಿ ಗದ್ದೆಗೆ ಅರ್ಧ ಮೆಷಿನ್, ಅರ್ಧ ಕೈ ಅಂತಲೇ ಇಟ್ಟುಕೊಳ್ಳಬೇಕು. ಗಂಧಸಾಲೆ ಭತ್ತ ಐದು ಗುಂಟೆಗೆ ಹಾಕಿದೆ. ಪರಿಮಳಕ್ಕೆ ಎರಡು ಮಾತಿಲ್ಲ, ಆದರೆ ಅಕ್ಟೋಬರ್ ಮಳೆಗೆ ಮಲಗಿತು, ಹಂದಿ ಇಡೀ ಗದ್ದೆ ಬಿಟ್ಟು ಅದನ್ನೇ ಹುಡುಕಿ ಬಂತು. ಮುಂದಿನ ಸಲ ಮನೆಯ ಹತ್ತಿರದ ತಲೆಮಡಿಯಲ್ಲಿ ಮಾತ್ರ, ಗೊಬ್ಬರವಿಲ್ಲದೆ. ಕೊಯ್ಲಾದ ಮೇಲೆ ಹಸಿಯಲ್ಲೇ ಅಲಸಂದೆ ಎರಚಿದ್ದೆ. ಹುಟ್ಟಿ ನಾಲ್ಕು ಎಲೆ ಬಂದಿತ್ತು. ಹುತ್ತರಿ ಕಳೆದ ಮೇಲೆ ಊರಿನ ದನ ಗದ್ದೆಗೆ ಬಿಡುವುದು ಹಳೆ ಪದ್ಧತಿ, ಬಂದವು, ಮೇಯ್ದವು. ದನಗಳನ್ನು ತಡೆಯಬೇಕು ಅಂತ ನನಗೆ ಅನ್ನಿಸಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಷ್ಟ ಒಂಟಿ ಗದ್ದೆಯದು. ಸುತ್ತ ಹತ್ತು ಎಕರೆ ಪಾಳು, ನಡುವೆ ನಮ್ಮದೊಂದೇ ಹಸಿರು. ಕೊಲ್ಲಿಯಲ್ಲಿರುವ ಇಲಿ, ರಾಟವಾಳ ಹಕ್ಕಿ, ಹಂದಿ, ಎಲ್ಲಕ್ಕೂ ಅದೇ ಊಟದ ಎಲೆ. ನೆಲದಿಂದ ಒಂಬತ್ತು ಇಂಚಿಗೆ ಒಂದು, 18 ಇಂಚಿಗೆ ಇನ್ನೊಂದು ತಂತಿ ಎಳೆದು ಸೋಲಾರ್ ಬೇಲಿ ಹಾಕಿದೆ, 28,000. ಹುಲ್ಲು ತಾಗಿದರೆ ಕರೆಂಟ್ ಇಳಿದುಹೋಗುತ್ತೆ, ವಾರಕ್ಕೊಮ್ಮೆ ಅಡಿ ಸವರಲೇಬೇಕು. ಆನೆಗೆ ಇದು ಲೆಕ್ಕಕ್ಕಿಲ್ಲ. ಒಂದು ರಾತ್ರಿ ಕೇದಗೆಬದಿಯಿಂದ ಇಳಿದು ಮೂಲೆ ದಾಟಿ ಹೋಯಿತು, ನಮ್ಮ ಪುಣ್ಯಕ್ಕೆ ನಿಲ್ಲಲಿಲ್ಲ. ಬೇಲಿಗಿಂತ ಹೆಚ್ಚು ಕೆಲಸ ಮಾಡಿದ್ದು ಪಕ್ಕದ ಎರಡು ಮನೆಯವರನ್ನು ಒಪ್ಪಿಸಿದ್ದು. ಮೊದಲ ವರ್ಷ ಬರಿ ಮಾತಾಡಿದೆ, ಯಾರೂ ಬರಲಿಲ್ಲ. ಮೂರನೇ ವರ್ಷ ಅವರ ಪಾಲಿನ ಟಿಲ್ಲರ್ ಬಾಡಿಗೆ ನಾನೇ ಕೊಟ್ಟು, ಅಗೆಯನ್ನೂ ನಮ್ಮ ಬೀಜಮಡಿಯಿಂದಲೇ ಕೊಟ್ಟೆ. ಸುಮಾರು 8,000 ರೂಪಾಯಿಗೆ ಎರಡೂವರೆ ಎಕರೆ ಪಕ್ಕಕ್ಕೆ ಸೇರಿತು. ತಿನ್ನುವ ಬಾಯಿ ಅಷ್ಟೇ, ಗದ್ದೆ ಎರಡೂವರೆ ಪಟ್ಟು. ಎಲ್ಲರದೂ ಒಂದೇ ವಾರದಲ್ಲಿ ಹಾಲು ತುಂಬಿದರೆ ನಷ್ಟ ಹಂಚಿಹೋಗುತ್ತೆ, ಮುಂದೆ ಹಿಂದೆ ಆದರೆ ಮೊದಲು ಹಣ್ಣಾದವರದು ಹೋಗುತ್ತೆ. ಆದ್ದರಿಂದ ಬೀಜ ಹಾಕುವ ದಿನವನ್ನೇ ಮೂರೂ ಮನೆಯವರು ಕೂತು ಗೊತ್ತು ಮಾಡಿದೆವು, ಜೂನ್ 12. ಒಂದೇ ತೋಡಿನಿಂದ ನೀರು ಕುಡಿಯುವ ಗದ್ದೆಗಳಲ್ಲಿ ತೋಡು ಬಿಡಿಸುವ ಕೆಲಸವೂ ಹಾಗೆಯೇ. ಮೇ ಕೊನೆಯಲ್ಲಿ ಒಂದು ಭಾನುವಾರ 14 ಜನ ಇಳಿದು ಮಧ್ಯಾಹ್ನದೊಳಗೆ ಮುಗಿಸಿದೆವು. ಆ ತೋಡಿನ ಹೆಸರು ಆ ದಿನ ಮೂರು ಮನೆಯ ಮಕ್ಕಳಿಗೂ ಗೊತ್ತಾಯಿತು.

ಹುತ್ತರಿಗೆ ಕದಿರು ಸಿಗುವ ಲೆಕ್ಕವನ್ನು ಕೇಳುವವರು ಬಹಳ. ಹಬ್ಬ ನವೆಂಬರ್ ಕೊನೆಗೂ ಬರಬಹುದು, ಡಿಸೆಂಬರ್ ನಡುವಿಗೂ ಬರಬಹುದು, ಕೊಡಗಿನ ಮಳೆ-ಬೆಳೆಯ ದೇವರು ಇಗ್ಗುತಪ್ಪನ ಸನ್ನಿಧಿಯಲ್ಲಿ ಮುಹೂರ್ತ ಗೊತ್ತಾಗುವವರೆಗೆ ತಿಳಿಯುವುದಿಲ್ಲ. ಪೈರು ಒಂದೇ ದಿನ ಹಣ್ಣಾದರೆ ಒಂದು ವರ್ಷ ಹಸಿ, ಇನ್ನೊಂದು ವರ್ಷ ಉದುರಿಹೋಗಿರುತ್ತೆ. ನಾನು ಮಾಡಿದ್ದು ಇದು. ನಾಟಿಯ ಕೊನೆಗೆ ದೊಡ್ಡಮಡಿಯ ನಡುವೆ ಹತ್ತಡಿ ಪಟ್ಟೆ ಬಿಟ್ಟು ನಾಟಿ ಓಟ ಓಡಿಸುವುದು ನಮ್ಮ ಪದ್ಧತಿಯಲ್ಲೇ ಇದೆ. ಓಟ ಆದ ಮೇಲೆ ಆ ಪಟ್ಟೆಗೆ ತಕ್ಷಣ ನಾಟಿ ಹಾಕಲಿಲ್ಲ, ಒಂದು ವಾರ ತಡೆದು, ಹತ್ತು ದಿನ ತಡವಾಗಿ ಹಾಕಿದ ಎರಡನೇ ಅಗೆಯನ್ನು ನೆಟ್ಟೆ. ಜೂನ್ 12ರ ಬೀಜ ನವೆಂಬರ್ 17-18ರ ಹೊತ್ತಿಗೆ ಹಣ್ಣು, ಪಟ್ಟೆ ತಿಂಗಳ ಕೊನೆಗೆ. ಹಬ್ಬ ಬೇಗ ಬಂದರೆ ಅಂಚಿನಿಂದ, ತಡವಾದರೆ ಪಟ್ಟೆಯಿಂದ. ಪಟ್ಟೆಗೆ ಯೂರಿಯಾ ಹಾಕಬಾರದು, ದಂಟು ಮೆತ್ತಗಾಗಿ ಕದಿರು ಕಟ್ಟುವಾಗ ಬಾಗುತ್ತೆ. ಈ ಸಲ ಪಟ್ಟೆಯಿಂದಲೇ ಕೊಯ್ದೆವು. ತೆನೆ ಬಾಗಿ, ಕಾಳು ಬಂಗಾರ ತಿರುಗಿ, ದಂಟಿನ ಬುಡ ಮಾತ್ರ ಇನ್ನೂ ಸ್ವಲ್ಪ ಹಸಿರು. ಕತ್ತಿ ಹಾಕಿದರೆ ಒಂದು ಕಾಳೂ ಉದುರಲಿಲ್ಲ.

ಕೊಯ್ಲಿಗೆ ಗಟ್ಟಿ ಮಡಿಗಳಿಗೆ ಬೆಲ್ಟ್ ಹಾರ್ವೆಸ್ಟರ್, ಗಂಟೆಗೆ 3,000ದ ಹಾಗೆ. ಉಳಿದದ್ದು ಕೈಕೊಯ್ಲು. ಒಟ್ಟು 34 ಚೀಲ, ತೂಕಕ್ಕೆ ಹಾಕಿದರೆ 25 ಕ್ವಿಂಟಾಲ್. ಪಾಳು ಗದ್ದೆಯಲ್ಲಿ ನಾಲ್ಕು ಚೀಲದಿಂದ ಶುರುವಾದದ್ದು ಮೂರನೇ ವರ್ಷಕ್ಕೆ ಇಲ್ಲಿಗೆ ಬಂದಿದೆ, ಬೇಡ ಅಂದವರಲ್ಲಿ ಇಬ್ಬರು ಈಗ ಬಂದು ಕಾಲುವೆಯ ಅಳತೆ ತೆಗೆದುಕೊಂಡು ಹೋಗಿದ್ದಾರೆ.

ದುಡ್ಡಿನ ಮಾತು ಮುಚ್ಚಿಡುವುದಿಲ್ಲ. ಒಂದೇ ಸಲದ ಖರ್ಚು, ಅಂದರೆ ಜೆಸಿಬಿ, ಅದನ್ನು ಎಳೆಸಿದ್ದು, ಕಾಲುವೆ, ಪೈಪು, ಜೇಡಿಗೋಡೆ, ಹೂಳು, ಬೇಲಿ ಸೇರಿ ಲಕ್ಷದ ಆಸುಪಾಸು. ಮೂರನೇ ವರ್ಷದ ಬೆಳೆಯ ಖರ್ಚು ಟಿಲ್ಲರ್‌ಗೆ 9,000, ನಾಟಿಗೆ 10,000, ಬದುವಿಗೆ 6,000, ಸುಣ್ಣ ಗೊಬ್ಬರಕ್ಕೆ 7,000, ಕೊಯ್ಲಿಗೆ 9,000, ಬೀಜ, ಕಳೆ, ಔಷಧಿ ಸೇರಿ ಒಟ್ಟು 50,000. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಆ ಲೆಕ್ಕದಲ್ಲಿ ಭತ್ತ 59,000, ಹುಲ್ಲು 6,000. ಉಳಿಯುವುದು 15,000. ಹಾಕಿದ ಲಕ್ಷ ವಾಪಸು ಬರಲು ಏಳು ವರ್ಷ. ಇನ್ನೊಂದು ಲಾಭ ಇದರಲ್ಲಿ ಸೇರಿಲ್ಲ. ಹೂಳು ತೆಗೆದ ಕೆರೆ, ನೀರು ನಿಂತ ಗದ್ದೆ, ಇವೆರಡರಿಂದ ಫೆಬ್ರವರಿಯಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ಮುಂಚೆ ಎರಡು ಎಕರೆಗೆ ಸಾಲುತ್ತಿದ್ದ ನೀರು ಈ ಸಲ ಐದು ಎಕರೆಗೆ ಬಂತು. ಕಾಫಿ ಮಾಡುವವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಬೀಜಕ್ಕೆ 60 ಕೆ.ಜಿ. ಬೇರೆ ಇಟ್ಟಿದ್ದೇನೆ, ದೊಡ್ಡಮಡಿಯ ನಡುವಿನದು, ಬೆರಕೆ ತೆನೆ ಆರಿಸಿ ತೆಗೆದು ಕೈಯಲ್ಲೇ ಬಡಿದದ್ದು. ಜೂನ್‌ನಲ್ಲಿ ಮೊಟ್ಟೆ ತೇಲುವ ಉಪ್ಪುನೀರಿಗೆ ಹಾಕಿ ಜೊಳ್ಳು ತೆಗೆದರೆ 50ಕ್ಕೆ ನಿಲ್ಲಬಹುದು, ಪಕ್ಕದವರ ಅಗೆಗೂ ಸೇರಿ ಸಾಲದಿದ್ದರೆ ಸ್ವಲ್ಪ ಕೊಳ್ಳಬೇಕು.

ಎಮ್ಮೆಗುಂಡಿಯನ್ನು ಈಗ ಹಾಗೇ ಬಿಟ್ಟಿದ್ದೇನೆ. ಅಲ್ಲಿ ಟಿಲ್ಲರ್ ಇಳಿಯುವುದಿಲ್ಲ, ನಾಟಿಯೂ ಇಲ್ಲ, ವರ್ಷವಿಡೀ ಮೊಣಕಾಲು ನೀರು. ಮೊದಲ ಮಳೆಗೆ ಹತ್ತಿ ಬಂದ ಕೊಯಿಲೆ ಮೀನು ಅದರಲ್ಲೇ ಮರಿ ಮಾಡಿರಬೇಕು. ನವೆಂಬರ್‌ನಲ್ಲಿ ಕೊಯ್ಲಿಗೆ ಗದ್ದೆ ಬಸಿಯಲು ಎಲ್ಬೋಗಳನ್ನು ಮಲಗಿಸಿ, ಕೊನೆಯ ತೂಬಿಗೆ ಕೂಳಿ (ಮೀನು ಹಿಡಿಯುವ ಬುಟ್ಟಿ) ಇಟ್ಟೆವು. ಬೆಳಗ್ಗೆ ನೋಡಿದರೆ ಎರಡು ಸೇರಿನಷ್ಟು ಮೀನು. ಮೂರು ಮನೆಗೂ ಪಾಲಾಯಿತು. ಕೂಳಿ ದಾಟಿದ ನೀರು ಕೆಳಗಿನವರ ಪಾಳು ಗದ್ದೆಯ ಕಡೆ ಹೋಗುತ್ತೆ. ಅವರು ಈ ಮಾರ್ಚ್‌ಗೆ ತಮ್ಮ ಬಾಣೆಯ ಬುಡಕ್ಕೆ ಗೂಟ ಹೊಡೆಯಬೇಕು ಅಂದಿದ್ದಾರೆ, ನೀರುಮಟ್ಟದ ಪೈಪು ಕೊಟ್ಟುಬಂದಿದ್ದೇನೆ.